ಪೊರೆಯೊಳಗಿನ ಚಂಪಾವತಿ

ನನಗಿದ್ದ ಒಂದೇ ಕಣ್ಣಿನ ಪೊರೆಯಷ್ಟು ದಪ್ಪ ಪೊರೆ ಗದಗಿನಿಂದ ಗೋಳಗುಮ್ಮಟದವರೆಗೆ ಯಾರಿಗೂ ಇರಲಿಲ್ಲ. ಕಂಡದ್ದೆಲ್ಲ ಪೊರೆಯಲ್ಲೇ ಉಳಿಯುತ್ತದೆ. ನಾನೋ ಏಳು ಲೋಕ ಕಂಡವನು!

"ಲೇಸರ್ ಮಾಡಿದ್ರ ಕಣ್ಣು ಉಳಿತೈತಿ, ಪೊರೆ ಪುಡಿ ಆಗತೈತಿ," ಎಂದರು ಡಾಕ್ಟರು. "ಕೊಯ್ದು ಇಡಿಯಾಗಿ ತಗದ್ರ ಮನಿಯವರು ಅದರಾಗಿನ ಚಿತ್ರ ನೋಡಬಹುದು. ಆದ್ರ ಈ ವಯಸ್ಸಿನಾಗ ಕಣ್ಣು ಹೋಗಬಹುದು."

ಮಗಳು ಇಂದುಮತಿ ಕೂಸಾಗಿದ್ದಾಗಲೇ ನನ್ನ ಹೆಂಡತಿ ಚಂಪಾವತಿ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ.

"ಲೇಸರ್ ಮಾಡಿಸ್ಕೋ ಅಪ್ಪಾ," ಎಂದಳು ಇಂದುಮತಿ.

"ಹುಚ್ಚಿ! ನಿಮ್ಮವ್ವ ಬಾಗಿಲಿಗೆ ಬಂದ್ರ ಬೀದಿ ದೀಪ ನಾಚಿ ಆರತಿದ್ವು. ಅಂಥಾ ಮುಖ ನೀ ನೋಡಬ್ಯಾಡೇನು? ಕೊಯ್ರಿ ಡಾಕ್ಟರ್!"

ಕಣ್ಣು ಹೋಯಿತು. ಆಸ್ಪತ್ರೆಯ ಗೋಡೆಯ ಮೇಲೆ ಪೊರೆಯ ಚಿತ್ರಗಳನ್ನು ಸಿನಿಮಾದಂತೆ ಬಿಟ್ಟರು. ಮಗಳ ಪಕ್ಕದಲ್ಲಿ ಕತ್ತಲಲ್ಲಿ ಕುಳಿತು ಕೇಳಿದೆ, "ಕಂಡಳೇನು?"

"ಕಟ್ಟಿ ಮ್ಯಾಲೆ ನಿನ್ನ ಗೆಳೆಯರು ಕುಂತು ನಗಾಕತ್ತಾರ."

"ಮುಂದ?"

"ಮತ್ತ ಅವರ. ಈಗ ಒಂದು ಕೈ ನಿನಗ ಚಾ ಕೊಡಾಕತ್ತೈತಿ. ಹಸಿರು ಬಳಿ ಅದಾವ."

"ಅಕೀನ! ಮುಖ ನೋಡು, ಮುಖ!"

ಇಂದುಮತಿ ಕೊನೆಯ ಚಿತ್ರದವರೆಗೂ ನೋಡಿದಳು.

"ಕೈ ಅಷ್ಟ ಅಪ್ಪಾ. ನೀ ಮತ್ತ ಗೆಳೆಯರ ಕಡೆ ತಿರುಗೀದಿ."