ಹತ್ತರಲ್ಲಿ ಒಂದು ಸಲ

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನಾನೂರು ಸಾಲು ಹಸಿರು, ಒಂದು ಸಾಲು ಕೆಂಪು. ಮ್ಯಾನೇಜರ್ ಸಾಹೇಬರ ಕಣ್ಣಿಗೆ ಚುಚ್ಚಿದ್ದು ಆ ಒಂದೇ.

"ಏನಮ್ಮಾ ಇದು? ನಾಲ್ಕು ಗಂಟೆಗೆ ಆಸ್ಪತ್ರೆಯವರು ಬರ್ತಿದ್ದಾರೆ. ಈ ಕೆಂಪು ನೋಡಿ ಆರ್ಡರ್ ಕೊಡ್ತಾರಾ?"

ಕಂಪನಿ ಮಾಡುತ್ತಿದ್ದದ್ದು ಬಾಗಿಲಿನ ಬೀಗ ನಡೆಸುವ ಸಾಫ್ಟ್‌ವೇರ್. ಯಾರಾದರೂ ಅದರಲ್ಲಿ ಒಂದಕ್ಷರ ತಿದ್ದಿದರೂ ಸಾಕು, ಕಂಪ್ಯೂಟರ್ ತಾನಾಗಿಯೇ ಎಲ್ಲ ಟೆಸ್ಟುಗಳನ್ನೂ ಓಡಿಸಿ ಫಲಿತಾಂಶವನ್ನು ಗೋಡೆಗೆ ಹಾಕುತ್ತಿತ್ತು. ಆ ಏರ್ಪಾಡೆಲ್ಲ ಟೆಸ್ಟರ್ ಹುಡುಗಿಯದು. ಗೋಡೆ ನೋಡುವುದಷ್ಟೇ ಸಾಹೇಬರ ಕೆಲಸ. ಬೆನ್ನ ಹಿಂದೆ ಅವರ ಹೆಸರೇ 'ಹಸಿರು ಸಾಹೇಬರು'.

"ಬೆಂಕಿ ಗಂಟೆ ಹೊಡೆದಾಗ ಬಾಗಿಲು ತೆಗೀಬೇಕು ಸಾರ್. ಒಂದೊಂದು ಸಲ ತೆಗೆಯಲ್ಲ," ಎಂದಳು ಹುಡುಗಿ, ಕೀಬೋರ್ಡಿಗೆ ಹೇಳುವವಳಂತೆ.

"ಅಂದ್ರೆ ಒಂದೊಂದು ಸಲ ತೆಗೆಯುತ್ತೆ! ಫೇಲಾದ್ರೆ ಮತ್ತೆ ಓಡಿಸು ಅಂತ ಹಾಕು. ಹತ್ತು ಸಲ. ಅದರಲ್ಲಿ ಒಂದ್ಸಲ ತೆಗೆದ್ರೂ ಪಾಸು."

"ಸಾರ್, ಅದು ಹೇಗೆ..."

ಸಾಹೇಬರು ಅಂಗಿಯ ಜೇಬು ತಟ್ಟಿಕೊಂಡರು. "ನಿನ್ನ ಕೆಲಸ ಕಾಯಂ ಮಾಡೋ ಕಾಗದ ಇಲ್ಲೇ ಇದೆ ತಾಯಿ. ಸಂಜೆ ಸಹಿ ಹಾಕ್ತೀನಿ."

ಆರು ತಿಂಗಳಿಂದ ಆ ಸಹಿಗಾಗಿ ತುಟಿ ಹೊಲಿದುಕೊಂಡಿದ್ದವಳು ಇವತ್ತೂ ಹೊಲಿದುಕೊಂಡಳು. ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿದಳು. ಟೆಸ್ಟ್ ಆರು ಸಲ ಬಿತ್ತು, ಏಳನೆಯದಕ್ಕೆ ಎದ್ದಿತು. ಗೋಡೆಯೆಲ್ಲ ಹಸಿರೋ ಹಸಿರು. ಸಾಹೇಬರು ಮಗಳಿಗೆ ಗಂಡು ಗೊತ್ತಾದವರಂತೆ ಓಡಾಡಿದರು.

ಆಸ್ಪತ್ರೆಯಿಂದ ಬಂದ ಹಿರಿಯ ನರ್ಸಮ್ಮ ಮಾತ್ರ ಗೋಡೆಯ ಕಡೆ ಕತ್ತೂ ತಿರುಗಿಸಲಿಲ್ಲ. "ಬಣ್ಣ ಆಮೇಲೆ ನೋಡೋಣ. ಬಾಗಿಲು ಎಲ್ಲಿ? ನಮ್ಮಲ್ಲಿ ಮಲಗಿರೋರು ಎದ್ದು ಓಡೋರಲ್ಲ."

"ನಾನೇ ಒಳಗೆ ಹೋಗ್ತೀನಿ ಮೇಡಂ!" ಸಾಹೇಬರು ತಮ್ಮದೇ ಬೀಗ ಕೂರಿಸಿದ್ದ ಗಾಜಿನ ಕೋಣೆ ಹೊಕ್ಕು ಬಾಗಿಲೆಳೆದುಕೊಂಡರು. ಗಂಟೆ ಒತ್ತು ಎಂದು ಸನ್ನೆ ಮಾಡಿದರು.

ಹುಡುಗಿ ಒತ್ತಿದಳು. ಗಂಟೆ ಹೊಡೆಯಿತು. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಸಾಹೇಬರು ನಕ್ಕರು. ಎರಡನೇ ಸಲಕ್ಕೆ ಹಿಡಿ ಜಗ್ಗಿದರು. ಮೂರನೆಯದಕ್ಕೆ ಗಾಜು ಬಡಿದರು.

"ಏನಮ್ಮಾ, ತೆಗೆಯೋದೇ ಇಲ್ವಾ?" ಎಂದರು ನರ್ಸಮ್ಮ.

ಹುಡುಗಿ ಗಾಜಿನಾಚೆಯ ಜೇಬನ್ನು ನೋಡಿದಳು. ಕಾಗದದ ಬಿಳಿ ಅಂಚು ಕಾಣುತ್ತಿತ್ತು.

"ತೆಗೆಯುತ್ತೆ ಮೇಡಂ. ಹತ್ತರಲ್ಲಿ ಒಂದು ಸಲ."

"ಸರಿ. ಬೆಂಕಿಗೂ ಇದನ್ನ ಹೇಳಿದ್ದೀರಾ?"

ಹುಡುಗಿ ನಾಲ್ಕನೇ ಸಲ ಗಂಟೆ ಒತ್ತಿದಳು. ಒಳಗಿನಿಂದ ಸಾಹೇಬರು, ಬೆವರು ಒರೆಸಿಕೊಳ್ಳುತ್ತ, ಗೋಡೆಯ ಹಸಿರನ್ನು ಬೆರಳು ಮಾಡಿ ಮಾಡಿ ತೋರಿಸುತ್ತಿದ್ದರು.