ಮುಚ್ಚಿಟ್ಟ ತಟ್ಟೆ

ಬುಟ್ಟಿಯಲ್ಲಿದ್ದ ಅಣಬೆಗಳಲ್ಲಿ ಒಂದನ್ನೂ ಝೆನೋನ್ ಕಿತ್ತಿರಲಿಲ್ಲ. ನೋಡಿದ ಕೂಡಲೇ ಯಾದ್ವಿಗಾಗೆ ಅದು ಗೊತ್ತಾಯಿತು. ಗಂಡ ಕಾಡಿನಿಂದ ತಂದದ್ದನ್ನು ಮೂವತ್ತೊಂದು ವರ್ಷ ಸೋಸಿದವಳು ಅವಳು. ಅಂಗೈ ಅಗಲದ ಛತ್ರಿ ಅಣಬೆಯ ಟೊಪ್ಪಿಯನ್ನಷ್ಟೇ ಅವನು ಚಾಕುವಿನಿಂದ ಕೊಯ್ದು, ಕಾಂಡವನ್ನು ಅಲ್ಲೇ ಬಿಟ್ಟು ಬರುತ್ತಿದ್ದ. ಇವಕ್ಕೆಲ್ಲ ಕಾಂಡವಿತ್ತು. ಒಂದೇ ಒಂದು ಪೈನ್ ಎಲೆಯೂ ಅಂಟಿರಲಿಲ್ಲ. ಸೆಪ್ಟೆಂಬರ್ ತಿಂಗಳ ಇಬ್ಬನಿಯಲ್ಲಿ ಮೂರು ಗಂಟೆ ಅಲೆದವನ ಬೂಟು ಮಾತ್ರ ಒಣಗಿತ್ತು!

“ಇವತ್ತು ಎಲ್ಲಿ ಸಿಕ್ತು?”

“ನಮ್ಮ ಜಾಗದಲ್ಲೇ. ಇನ್ನೆಲ್ಲಿ?” ಎಂದ ಝೆನೋನ್, ಕಿಟಕಿಯ ಕಡೆ ಮುಖ ಮಾಡಿ.

ಅಣಬೆ ಸಿಗುವ ಜಾಗದ ಬಗ್ಗೆ ಆ ಊರಿನವರು ಪಾದ್ರಿಯ ಮುಂದೆಯೂ ಬಾಯಿ ಬಿಡುವುದಿಲ್ಲ. ಝೆನೋನ್ ಅದನ್ನು ಮದುವೆಯಾದ ಮರುದಿನ ಹೆಂಡತಿಗೆ ತೋರಿಸಿದ್ದ. ಬೆರಳಿನ ಉಂಗುರಕ್ಕಿಂತ ಅದೇ ದೊಡ್ಡದೆಂದು ಅವಳು ಇಷ್ಟು ವರ್ಷ ನಂಬಿದ್ದಳು. ಈಗ ಅದೇ ಜಾಗದ ಹೆಸರು ಹೇಳಿ ಸುಳ್ಳಾಡುತ್ತಾನಲ್ಲ ಎಂದು ಅವಳ ಹೊಟ್ಟೆ ಉರಿಯಿತು.

ಗುರುವಾರ ಅವಳು ಅವನನ್ನು ಹಿಂಬಾಲಿಸಿದಳು. ಝೆನೋನ್ ಕಾಡಿಗೆ ಹೋಗಲೇ ಇಲ್ಲ. ಬಿಯಾವಿಸ್ತೋಕ್ ಹೆದ್ದಾರಿಯ ತಿರುವಿನಲ್ಲಿ ಅಣಬೆ ಮಾರುವ ಲ್ಯೂಬಾಳ ಪಕ್ಕ ಹೋಗಿ ಕುಳಿತ. ಲ್ಯೂಬಾ ನಲವತ್ತು ದಾಟಿದ ವಿಧವೆ, ನಗುವುದಕ್ಕೆ ಕಾರಣ ಬೇಡದ ಹೆಂಗಸು. ಅವಳು ಅವನ ಕೈಯಲ್ಲೊಂದು ಅಣಬೆ ಇಟ್ಟು, ಅವನ ಬೆರಳುಗಳನ್ನು ತಾನೇ ಹಿಡಿದು ಅದರ ಸುತ್ತ ಆಡಿಸಿದಳು. ಇಬ್ಬರೂ ನಕ್ಕರು. ಮರದ ಮರೆಯಲ್ಲಿದ್ದ ಯಾದ್ವಿಗಾಗೆ ಅಷ್ಟು ಸಾಕಾಯಿತು.

ಊಟಕ್ಕೆ ಕೂತಾಗ ಹೇಳಿಬಿಟ್ಟಳು, “ಇನ್ಮೇಲೆ ಆ ಲ್ಯೂಬಾ ಮುಟ್ಟಿದ ಅಣಬೆ ಈ ಮನೆಗೆ ಬರಕೂಡದು.”

ಝೆನೋನ್ ಚಮಚ ಕೆಳಗಿಟ್ಟ. “ಯಾರು ಹೇಳಿದ್ರು ನಿಂಗೆ?”

“ನನ್ನ ಕಣ್ಣೇ ಹೇಳ್ತು. ನನ್ನ ಕಣ್ಣು ಇನ್ನೂ ಚೆನ್ನಾಗೇ ಇದೆ, ಮಾರಾಯ. ನನಗೆ ನೀನು ಕಿತ್ತಿದ್ದೇ ಬೇಕು. ಆಗಲ್ಲ ಅಂದ್ರೆ ಬುಟ್ಟಿ ತಗೊಂಡು ಅವಳ ಮನೆಗೇ ನಡಿ.”

ಅವನ ಮುಖ ಬಿಳುಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದವನು “ಆಯ್ತು” ಎಂದಷ್ಟೇ ಅಂದ. ತಪ್ಪೊಪ್ಪಿಗೆಗೆ ಇನ್ನೇನು ಬೇಕು ಎಂದುಕೊಂಡಳು ಯಾದ್ವಿಗಾ.

ಮರುದಿನ ಅವಳು ಏಳುವ ಮೊದಲೇ ಅವನು ಹೊರಟುಹೋಗಿದ್ದ. ಮನೆಯ ಕೆಲಸ ಮುಗಿಸಿದರೂ ಸಿಟ್ಟು ಇಳಿಯದೆ, ಅವಳು ಹೆದ್ದಾರಿಗೆ ನಡೆದಳು.

“ಊರವರ ಎದುರಿಗೇ ನನ್ನ ಗಂಡನ ಕೈ ಹಿಡೀತೀಯಲ್ಲ, ನಾಚಿಕೆ ಆಗಲ್ವಾ?”

“ಹಿಡೀದೆ ಇನ್ನೇನ್ ಮಾಡ್ಲಿ? ಅವರಿಗೆ ಕಣ್ಣು ಕಾಣಬೇಕಲ್ಲ!” ಎಂದ ಲ್ಯೂಬಾ ಇವಳ ಮುಖ ನೋಡಿ ನಗು ನಿಲ್ಲಿಸಿದಳು. “ಅಯ್ಯೋ, ನಿಮಗೆ ಹೇಳೇ ಇಲ್ವಾ? ಚಳಿಗಾಲದಿಂದ ಕಣ್ಣ ಮುಂದೆ ಬರೀ ಹೊಗೆಯಂತೆ. ಹಸಿರು ಯಾವುದು, ಕಂದು ಯಾವುದು ತಿಳಿಯಲ್ಲ. ಹೋದ ತಿಂಗಳು ಬುಟ್ಟಿ ತಂದು ತೋರಿಸಿದ್ರು. ಮೇಲೇ ಕೂತಿತ್ತು ಹಸಿರು ಟೊಪ್ಪಿಯ ವಿಷದ್ದು. ಹೆಂಡ್ತೀನ ಕೊಲ್ತೀಯೇನಯ್ಯಾ ಅಂತ ಬೈದೆ. ಪಾಪ, ಅತ್ತೇಬಿಟ್ರು. ಅವತ್ತಿಂದ ನನ್ನ ಹತ್ರ ತಗೊಳ್ತಾರೆ. ಒಂದೊಂದನ್ನೂ ಮುಟ್ಟಿ ಮುಟ್ಟಿ, ‘ಸರಿಯಾಗಿ ನೋಡು, ಯಾದ್ವಿಗಾ ತಿನ್ನೋದು’ ಅಂತ ಮೂರು ಸಲ ಹೇಳ್ತಾರೆ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಕಾಡಿಗೆ ಬಿಡಲ್ವಂತೆ. ಆಮೇಲೆ ತಾನು ಯಾತಕ್ಕೂ ಬೇಡದವನಂತೆ.”

ಯಾದ್ವಿಗಾ ಅವಳ ತೋಳು ಹಿಡಿದಳು. “ಇವತ್ತು ಬಂದಿದ್ನಾ?”

“ಕರೆದ್ರೂ ನಿಲ್ಲಲಿಲ್ಲ ನೋಡಿ. ಸೀದಾ ಕಾಡಿಗೆ ಹೋದ್ರು.”

ಅವಳು ಮನೆಗೆ ಓಡಿದಳು. ಗೇಟಿನ ಹತ್ತಿರವೇ ಬೆಣ್ಣೆಯಲ್ಲಿ ಕರಿದ ಅಣಬೆಯ ವಾಸನೆ ಮೂಗಿಗೆ ಬಡಿಯಿತು. ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿ ಹಚ್ಚಿ ಕರಿದ ಮೇಲೆ ಒಳ್ಳೆಯದು ಯಾವುದು, ವಿಷದ್ದು ಯಾವುದು ಎಂದು ದೇವರೂ ಹೇಳಲಾರ; ವಿಷದ್ದರ ಗುರುತಿರುವುದು ಕಾಂಡದ ಬುಡದ ಚೀಲದಲ್ಲಿ. ತಿಂದವನಿಗೂ ಮರುದಿನದವರೆಗೆ ಏನೂ ತಿಳಿಯದೇ ಇರಬಹುದು. ಇದು ಆ ಊರಿನ ಮಕ್ಕಳಿಗೂ ಗೊತ್ತು.

ಝೆನೋನ್ ಮೇಜಿನ ಮುಂದೆ ಕುಳಿತಿದ್ದ. ಅವನ ತಟ್ಟೆ ಖಾಲಿಯಾಗಿತ್ತು. ಎದುರಿಗೆ ಇನ್ನೊಂದು ತಟ್ಟೆಯನ್ನು ಮುಚ್ಚಿಟ್ಟಿದ್ದ.

“ಬಂದ್ಯಾ? ಎಲ್ಲಾ ನಾನೇ ಕಿತ್ತಿದ್ದು. ಅವಳು ಮುಟ್ಟಿದ್ದು ಒಂದೂ ಇಲ್ಲ.”

“ಕಾಂಡ ಎಲ್ಲಿ, ಝೆನೋನ್?”

“ಕಾಡಲ್ಲೇ ಬಿಟ್ಟೆ. ಯಾವಾಗಿನ ಹಾಗೆ.”

ಅವಳು ಮುಚ್ಚಿದ ತಟ್ಟೆಗೆ ಕೈ ಹಾಕಿದಳು. ತಡೆಯಲು ಚಾಚಿದ ಅವನ ಕೈ ಮೊದಲು ಉಪ್ಪಿನ ಡಬ್ಬಿಗೆ ತಗುಲಿತು, ಆಮೇಲೆ ತಡಕಾಡಿ ತಟ್ಟೆಯನ್ನು ಒತ್ತಿ ಹಿಡಿಯಿತು.

“ಈಗ ಬೇಡ ಕಣೇ. ನೀನು ನಾಳೆ ತಿನ್ನು.”

ಅವಳಿಗೆ ಎಲ್ಲವೂ ಅರ್ಥವಾಯಿತು. ನಿನ್ನೆ ಊಟದ ಹೊತ್ತಿಗೆ ತನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಎಂದು ಅಳುತ್ತಲೇ ಫೋನೆತ್ತಿ ಆಂಬುಲೆನ್ಸಿಗೆ ಕರೆ ಮಾಡಿದಳು. ಅತ್ತ ಕಡೆಯ ದನಿ ವಿಳಾಸ ಬರೆದುಕೊಂಡು ಕೇಳಿತು:

“ಮನೇಲಿ ಎಷ್ಟು ಜನ ತಿಂದಿದ್ದೀರಿ?”

“ಅವನೊಬ್ನೇ,” ಎಂದಳು ಯಾದ್ವಿಗಾ. “ನನ್ನ ಪಾಲನ್ನ ನಾಳೆಗೆ ಮುಚ್ಚಿಟ್ಟಿದಾನೆ.”