ಟಿಶ್ಯೂ ಇಟ್ಟ ಸೀಟು

“ಹಲೋ, ಗೆಟ್ ಅಪ್ ಲಾ! ಕಾಂಟ್ ಯು ಸೀ ದ ಟಿಶ್ಯೂ?”

ರಘುನಾಥನ ದನಿಗೆ, ಸಿಂಗಾಪುರದ ಆ ಹಾಕರ್ ಸೆಂಟರಿನ ಅಗ್ಗದ ಊಟದಂಗಡಿಗಳ ನಡುವೆ, ಸುತ್ತಲಿನ ನಾಲ್ಕು ಟೇಬಲ್ಲಿನವರು ತಿರುಗಿದರು. ಕನ್ನಡ ಇಲ್ಲಿ ಯಾರಿಗೆ ಅರ್ಥವಾದೀತು ಎಂಬ ಧೈರ್ಯದಲ್ಲಿ ಅವನು ಸುರಕ್ಷಾಳ ಕಡೆ ಬಾಗಿ, “ಮೈಯೆಲ್ಲ ಬೆವರು ನಾತ. ಇಂಥವ್ರನ್ನೆಲ್ಲ ಒಳಗೆ ಯಾಕ್ರೀ ಬಿಡ್ತಾರೆ?” ಅಂದ.

ಕೂರಲು ಹೋಗಿ ಎದ್ದು ನಿಂತವನು ದೀಪೇಶ, ಸುರಕ್ಷಾಳ ಒಡಹುಟ್ಟಿದ ತಮ್ಮ. ಕೈಯಲ್ಲಿ ಎರಡು ಲೋಟ ಕಬ್ಬಿನ ಹಾಲು, ಮೈಮೇಲೆ ಕಟ್ಟಡದ ಕೆಲಸದ ಹಳದಿ ಜಾಕೀಟು, ಬೂಟಿಗೆ ಒಣಗಿದ ಸಿಮೆಂಟು. ಇಲ್ಲಿನ ರೂಢಿಯಂತೆ ಆ ಟಿಶ್ಯೂ ಪೊಟ್ಟಣ ಇಟ್ಟು ಸೀಟು ಹಿಡಿದವಳು ಸುರಕ್ಷಾಳೇ. ಹಿಡಿದದ್ದು ಇವನಿಗಾಗಿಯೇ.

ತಮ್ಮ ಸಿಂಗಾಪುರಕ್ಕೆ ಬಂದು ಮೂರು ತಿಂಗಳಾದ ಮೇಲೆ ಇವತ್ತು ಮೊದಲ ಸಲ ಊಟಕ್ಕೆ ಕರೆದಿದ್ದಳು. “ಹನ್ನೊಂದೂವರೆಗೇ ಬಾ, ಆಮೇಲೆ ರಶ್ ಆಗ್ತದೆ” ಅಂದಿದ್ದಳು. ರಶ್ಶು ಬರೀ ನೆಪ. ಹನ್ನೆರಡಕ್ಕೆ ಅವಳ ಬ್ಯಾಂಕಿನವರು ಇಳಿದು ಬರುತ್ತಾರೆ, ಅಷ್ಟೇ. ಆದರೆ ಅವಳ ಟೀಮ್ ಲೀಡರ್ ರಘುನಾಥ ಇವತ್ತು ಮೀಟಿಂಗು ಬೇಗ ಮುಗಿಸಿ, ಸಹೋದ್ಯೋಗಿ ಅನಘಾಳ ಜೊತೆ ಬಂದು, ಕೇಳದೆಯೇ ಅವಳ ಟೇಬಲ್ಲಿಗೆ ಕೂತುಬಿಟ್ಟಿದ್ದ.

“ಹೌದು ಸುರಕ್ಷಾ, ಈ ಸೀಟು ಯಾರಿಗೆ?” ಅನಘಾ ಕೇಳಿದಳು.

ದೀಪೇಶ ಅಕ್ಕನ ಮುಖವನ್ನೇ ನೋಡಿದ. ‘ಇವನಿಗೆ’ ಎಂದರೆ ನಾಲ್ಕೇ ಅಕ್ಷರ. ಅವಳು ಅನಘಾಳ ಕಡೆ ತಿರುಗಿದಳು.

“ಒಬ್ರು… ಕ್ಲೈಂಟ್ ಬರ್ತಾರೆ.”

“ಕ್ಲೈಂಟ್‌ನ ಹಾಕರ್ ಸೆಂಟರಿಗೆ ಕರೆಸ್ತೀರಾ? ಭಾರೀ ಜಿಪುಣಿ ಕಣ್ರೀ ನೀವು!” ರಘುನಾಥ ನಕ್ಕ, ಅನಘಾ ನಕ್ಕಳು. ನಗದಿದ್ದರೆ ಗೊತ್ತಾಗಿಬಿಡುತ್ತದೆಂದು ಸುರಕ್ಷಾಳೂ ನಕ್ಕಳು.

ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಹೆಗಲ ಮೇಲಿನ ಬೈರಾಸು ಎಸೆದು ಅವಳಿಗೆ ಸೀಟು ಹಿಡಿಯುತ್ತಿದ್ದವನು ಇವನು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರೂ, ಕಾಲೇಜಿಗೆ ಹೋಗುವ ಅಕ್ಕ ನಿಂತುಕೊಂಡು ಹೋಗಬಾರದೆಂಬ ಹಠ. “ಇದು ನನ್ನ ಅಕ್ಕಂದು!” ಎಂದು ದೊಡ್ಡ ದೊಡ್ಡ ಗಂಡಸರ ಬೈಗುಳ ತಿಂದೂ ಜಾಗ ಬಿಡುತ್ತಿರಲಿಲ್ಲ.

ಇವತ್ತು ಬಿಟ್ಟ. ತಾನು ಏಳುವಾಗ ಕೆಳಗೆ ಬಿದ್ದಿದ್ದ ಟಿಶ್ಯೂ ಪೊಟ್ಟಣವನ್ನು ಹೆಕ್ಕಿ, ಪ್ಯಾಂಟಿಗೆ ಒರೆಸಿ, ಇದ್ದಲ್ಲೇ ಇಟ್ಟ. ಐಸ್ ಹಾಕದ ಲೋಟವನ್ನು ಅಕ್ಕನ ಮುಂದಿಟ್ಟ. ತಣ್ಣಗಿನದು ಕುಡಿದರೆ ಅವಳ ಗಂಟಲು ಕಟ್ಟುತ್ತದೆ.

“ಸಾರಿ ಮೇಡಂ,” ಅಂದ. “ಸೀಟು ನಿಮ್ಮವರದ್ದು ಅಂತ ಗೊತ್ತಿರ್ಲಿಲ್ಲ.”

ಕನ್ನಡ ಕೇಳಿ ರಘುನಾಥನ ಚಮಚ ಬಾಯಿಯ ಹತ್ತಿರವೇ ನಿಂತಿತು.

ದೀಪೇಶ ಹತ್ತು ಹೆಜ್ಜೆ ಹೋದ ಮೇಲೆ ಸುರಕ್ಷಾ ಎದ್ದಳು. “ದೀಪೂ, ಉಂತುಲಾ!” ಎಂದು ತುಳುವಿನಲ್ಲಿ ಅವನನ್ನು ನಿಲ್ಲಲು ಕೂಗಿದಳು. ನಾಲ್ಕು ಟೇಬಲ್ಲಿನವರು ಮತ್ತೆ ತಿರುಗಿದರು.

“ಅವ್ನು… ನಿಮಗೆ ಪರಿಚಯಾನಾ?” ರಘುನಾಥ ಕೇಳಿದ.

“ತಮ್ಮ,” ಅಂದಳು. ಈಗ ಅಂದಳು.

ದೀಪೇಶ ತನ್ನ ಲೋಟವನ್ನು ಎಂಜಲು ಟ್ರೇಗಳ ಕಪಾಟಿನಲ್ಲಿ ತುಂಬಿದ್ದ ಹಾಗೆಯೇ ಇಟ್ಟು, ತಿರುಗದೆ ಬಿಸಿಲಿಗೆ ನಡೆದುಬಿಟ್ಟ.